ಬೆಟ್ಟದ ಮರವನ್ನು ನೀರಿನ ಕಾಲುವೆಯಲ್ಲಿ ಇಳಿಸುತ್ತಿದ್ದರಂತೆ, ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲವೇ?

ಮೊದಮೊದಲು ಸಿಕ್ಕಿಕೊಳ್ಳುತ್ತಿತ್ತು. ಅಮೆರಿಕದ ನೆವಾಡದಲ್ಲಿ, ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳಿಗೆ ಸುರಂಗದ ಆಸರೆಗೆಂದು ರಾಶಿ ರಾಶಿ ತೊಲೆ ಬೇಕಿತ್ತು; ಕಾಡು ಇದ್ದದ್ದು ಸಿಯೆರಾ ನೆವಾಡ ಬೆಟ್ಟಗಳಲ್ಲಿ. ಆಗಿನ ಹಲಗೆ ಕಾಲುವೆಗಳ ತಳ ಚಪ್ಪಟೆ. ತೊಲೆ ಓರೆಯಾದರೆ ಅಲ್ಲೇ ಕಚ್ಚಿ ನಿಲ್ಲುತ್ತಿತ್ತು. 1860ರ ದಶಕದಲ್ಲಿ ಜೇಮ್ಸ್ ಹೇನ್ಸ್ ಹಲಗೆಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿದ. ಇದರ ಚೆಂದ ನೋಡಿ: ತೊಲೆ ನಿಂತರೆ ಹಿಂದೆ ನೀರು ತುಂಬುತ್ತದೆ, ಮೇಲೇರಿದಷ್ಟೂ ಕಾಲುವೆ ಅಗಲ, ತೊಲೆ ತಾನಾಗಿ ತೇಲಿ ಹೊರಡುತ್ತದೆ. ನೀರೂ ಕಡಿಮೆ ಸಾಕು. 1875ರಲ್ಲಿ ಗಣಿ ಮಾಲೀಕರಾದ ಫೇರ್, ಫ್ಲಡ್ ಇಬ್ಬರೂ ಪತ್ರಕರ್ತನೊಬ್ಬನ ಜೊತೆ ಇಂಥದ್ದೇ ಕಾಲುವೆಯಲ್ಲಿ ಸುಮಾರು 15 ಮೈಲಿ ಜಾರಿ ಇಳಿದರು! ಕ್ಯಾಲಿಫೋರ್ನಿಯಾದ ಸ್ಯಾಂಗರ್ ಊರಿಗೆ ಇಳಿಯುತ್ತಿದ್ದ ಕಾಲುವೆಯಂತೂ 54 ಮೈಲಿ ಉದ್ದ. ಕಾಡಿಗೆ ರೈಲು, ಲಾರಿ ಬಂದ ಮೇಲೆ ಇವು ಮೂಲೆ ಸೇರಿದವು.