‘ವಯಸ್ಸಾಗ್ಯಾದ’ ಅಂದ್ರೆ ಸುಮ್ನೆ ಒಪ್ಪಬೇಡಿ

ಪ್ರಶ್ನೆ: ನಮ್ಮ ಅಪ್ಪನಿಗೆ 78 ವರ್ಷ. ಮೇ ತಿಂಗಳಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರು, ನನ್ನ ಗುರುತೇ ಹಿಡಿಯಲಿಲ್ಲ. ಕಲಬುರಗಿಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಒಯ್ದೆವು. ‘ವಯಸ್ಸಾಗ್ಯಾದ, ಹಿಂಗೇ ಇರ್ತದ’ ಅಂದರು. ಎದ್ದು ಹೋಗ್ತಾರೆ ಅಂತ ಕೈ ಕಟ್ಟಿದರು. ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, ಕಡಿಮೆ ಇದೆ ಅಂತ ಗೊತ್ತಾಗಿದ್ದು ಮರುದಿನ. ಮತ್ತೆ ಹೀಗಾದರೆ ಏನು ಮಾಡಬೇಕು?
– ಒಬ್ಬ ಓದುಗ, ಸೇಡಂ ತಾಲ್ಲೂಕು

ಉತ್ತರ: ಆ ಕಟ್ಟಿದ ಕೈ ಓದಿ ಹೊಟ್ಟೆ ಚುರ್ ಅಂತು. ನಿನ್ನೆವರೆಗೆ ಸರಿ ಇದ್ದವರು ಇವತ್ತು ಮಗನ ಗುರುತು ಹಿಡಿಯಲಿಲ್ಲ ಅಂದ್ರೆ ಅದು ವಯಸ್ಸಲ್ಲ, ಕಾಯಿಲೆ. ಡಾಕ್ಟರು ಡೆಲಿರಿಯಂ ಅನ್ನುತ್ತಾರೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಇದು ಗಂಟೆಗಳಲ್ಲಿ ಬರಬಹುದು. ಸೋಡಿಯಂ, ಶುಗರ್ ಇಳಿದದ್ದು, ಮೂತ್ರದ ಸೋಂಕು, ನ್ಯುಮೋನಿಯಾ, ಮೂತ್ರ ಕಟ್ಟಿದ್ದು, ಹೊಸ ನಿದ್ದೆ ಗುಳಿಗೆ, ಯಾವುದಾದರೂ ಕಾರಣ ಆಗಬಹುದು. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಕೆಲವರು ಕೂಗಾಡುವುದೂ ಇಲ್ಲ, ಮಂಕಾಗಿ ಮಲಗಿಬಿಡುತ್ತಾರೆ, ಅಂಥವರೇ ಜಾಸ್ತಿ ತಪ್ಪಿಹೋಗುವುದು.

ಎಮರ್ಜೆನ್ಸಿ ಡಾಕ್ಟರು ನಿಮ್ಮ ಅಪ್ಪನನ್ನು ನೋಡುತ್ತಿರುವುದೇ ಮೊದಲ ಸಲ, ಅಲ್ವಾ? ಅವರು ಮೊದಲು ಹೇಗಿದ್ದರು ಅನ್ನೋದು ಗೊತ್ತಿರುವುದು ನಿಮಗೆ ಮಾತ್ರ. ಅದಕ್ಕೇ ಬಾಗಿಲಲ್ಲೇ ಹೇಳಿ: ‘ಮೊನ್ನೆ ತಾವೇ ಹೊಲಕ್ಕೆ ಹೋಗಿ ಬಂದಾರ, ತೊಗರಿ ಮಾರಿದ ಲೆಕ್ಕ ಬಾಯಲ್ಲೇ ಹೇಳ್ಯಾರ, ನಿನ್ನೆ ರಾತ್ರಿಯಿಂದ ಹಿಂಗಾಗ್ಯಾದ.’ ಈ ಒಂದು ಮಾತು ಎಷ್ಟೋ ಸಲ ದಾರಿ ತೋರಿಸುತ್ತದೆ. ಮನೆಯ ಗುಳಿಗೆಗಳನ್ನೆಲ್ಲ, ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ತಂದ ನೆಗಡಿ ಗುಳಿಗೆ ಸಮೇತ, ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಚಸ್ಮಾ ಮರೆಯಬೇಡಿ. ಕಣ್ಣು ಕಾಣದ, ಕಿವಿ ಕೇಳದ ಮುದುಕರು ಆ ಗದ್ದಲದಲ್ಲಿ ಇನ್ನೂ ಗಾಬರಿಯಾಗುತ್ತಾರೆ.

ಕೈ ಕಟ್ಟಿದರೆ ಗಾಬರಿ ಜಾಸ್ತಿಯಾಗುತ್ತದೆ. ‘ನಾನೇ ಪಕ್ಕದಲ್ಲಿ ಕೂಡ್ತೀನಿ, ಬಿಚ್ಚಿರಿ ಸಿಸ್ಟರ್’ ಅಂತ ಕೇಳಿ. ಕೈ ಹಿಡಿದು, ‘ಯಪ್ಪಾ, ಇದು ದವಾಖಾನೆ, ನಾನು ನಿನ್ನ ಮಗ’ ಅಂತ ಆಗಾಗ ಹೇಳುತ್ತಿರಿ.

ಅಮೆರಿಕದ ಎಮರ್ಜೆನ್ಸಿ ವೈದ್ಯರು ಮತ್ತು ವೃದ್ಧರ ವೈದ್ಯರ ಸಂಘಗಳು 2014ರಲ್ಲೇ ಹಿರಿಯರಿಗಾಗಿ ಎಮರ್ಜೆನ್ಸಿ ಹೇಗಿರಬೇಕು ಅಂತ ಮಾರ್ಗಸೂಚಿ ಬರೆದವು. ದಪ್ಪ ಹಾಸಿಗೆ, ಜಾರದ ನೆಲ, ಡೆಲಿರಿಯಂ ಇದೆಯಾ ಅಂತ ಮೊದಲೇ ನೋಡುವುದು. ಇದರಲ್ಲಿ ನಮ್ಮ ಜಿಲ್ಲೆಗಳ ಕೈಗೆಟುಕದ್ದು ಏನಿದೆ ಹೇಳಿ?

ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಬಿದ್ದರೆ ಮಾತ್ರ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು, ಅಪ್ಪ ಬಿಪಿ ಗುಳಿಗೆ ನುಂಗುತ್ತಾರಾ? ಮೂತ್ರ ಜಾಸ್ತಿ ಮಾಡಿಸುವ ಕೆಲವು ಬಿಪಿ ಗುಳಿಗೆಗಳು ಸೋಡಿಯಂ ಇಳಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಬೇಸಿಗೆ ಬಿಸಿಲು ಏರುವ ಮುಂಚೆ ಆ ಗುಳಿಗೆ ಚೀಟಿಯನ್ನು ಡಾಕ್ಟರಿಗೆ ಒಮ್ಮೆ ತೋರಿಸಿ.