ತಡಿಯಂಡಮೋಳ್ ಹತ್ತಿದವರು ಮೌಂಟ್ ಬ್ಲಾಂಕ್ ಹತ್ತಬಹುದೇ?

ಪ್ರಶ್ನೆ: ನಾಲ್ಕುನಾಡು ಅರಮನೆ ಕಡೆಯಿಂದ ತಡಿಯಂಡಮೋಳ್ ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವವನು ನಾನು. ತಂಗಿ ಜಿನೀವಾದಲ್ಲಿದ್ದಾಳೆ. ಆಗಸ್ಟ್‌ನಲ್ಲಿ ಅವಳ ಮನೆಗೆ ಹೋದಾಗ ಮೌಂಟ್ ಬ್ಲಾಂಕ್ ಹತ್ತಿ ಬರುವ ಆಸೆ. ಅದು ಸುಮ್ನೆ ನಡೆದು ಹತ್ತುವ ಬೆಟ್ಟವಂತೆ, ಹೌದಾ?
– ಓದುಗರೊಬ್ಬರು, ಕಕ್ಕಬ್ಬೆ

ಉತ್ತರ: ನಿಮ್ಮ ಕಾಲಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ತಡಿಯಂಡಮೋಳ್ 1,748 ಮೀಟರ್. ಮೌಂಟ್ ಬ್ಲಾಂಕ್ 4,800 ಮೀಟರಿಗೂ ಸ್ವಲ್ಪ ಜಾಸ್ತಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೇ. ಮಿಲಿಟರಿಯಲ್ಲಿದ್ದಾಗ ನೋಡಿದ್ದೇನೆ, ಎತ್ತರಕ್ಕೆ ಹೋದ ಕೂಡಲೇ ತಲೆನೋವು, ವಾಂತಿ ಅಂತ ಮಲಗುತ್ತಿದ್ದವರು ಎಷ್ಟೋ ಸಲ ಓಟದಲ್ಲಿ ಮುಂದಿದ್ದ ಹುಡುಗರೇ. ಅವರಿಗೆ ನಿಧಾನವಾಗಿ ಹತ್ತುವುದೇ ಗೊತ್ತಿರಲಿಲ್ಲ.

ನಡೆದು ಹತ್ತಬಹುದು ಎಂದವರು ಗೂಟೆ ಎಂಬ ಮಾಮೂಲಿ ದಾರಿಯ ಮಾತಾಡಿರಬೇಕು. ಬೆಟ್ಟದ ರೈಲು 2,372 ಮೀಟರ್‌ವರೆಗೆ ಹೋಗುತ್ತದೆ. ಮುಂದೆ 3,167 ಮೀಟರಿನಲ್ಲಿ ಟೆಟ್ ರೂಸ್ ತಂಗುಮನೆ. ಅದಾದ ಮೇಲೆ ಗ್ರಾಂಡ್ ಕುಲ್ವಾರ್ ಎಂಬ ಕಡಿದಾದ ಕೊರಕಲು. ಅಡ್ಡ ದಾಟಲು ಇರುವುದು ನೂರು ಮೀಟರ್ ಆಸುಪಾಸು. ಅಷ್ಟರಲ್ಲೇ ಎಷ್ಟೋ ಜನ ಸತ್ತಿದ್ದಾರೆ. ಮೇಲಿನ ಬಂಡೆಗಳನ್ನು ಹಿಡಿದಿಟ್ಟಿರುವುದು ಹೆಪ್ಪುಗಟ್ಟಿದ ನೀರು. ಬಿಸಿಲೇರಿದಂತೆ ಅದು ಕರಗಿ ಕಲ್ಲು ಉರುಳುತ್ತದೆ. ನೆಲ ಹಿಡಿತ ಬಿಟ್ಟರೆ ಏನಾಗುತ್ತದೆ ಅಂತ 2018ರ ಮಳೆಯಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾವೂ ನೋಡಿದ್ದೇವಲ್ಲ. ಅದಕ್ಕೇ ಅಲ್ಲಿನವರು ಬೆಳಕು ಹರಿಯುವ ಹೊತ್ತಿಗೇ ಆ ಜಾಗ ದಾಟಿಬಿಡುತ್ತಾರೆ. 2022ರ ಆಗಸ್ಟ್‌ನಲ್ಲಿ ಕಲ್ಲು ಬೀಳುವುದು ವಿಪರೀತವಾಗಿ, ಈ ದಾರಿಯ ತಂಗುಮನೆಗಳನ್ನೇ ಮುಚ್ಚಿದ್ದರು. ನೀವು ಹೊರಟಿರುವುದೂ ಆಗಸ್ಟ್‌ನಲ್ಲೇ.

ಅಲ್ಲಿಂದ ಮುಂದೆ ಹಿಮನದಿ, ಕೊನೆಗೆ ಎರಡೂ ಕಡೆ ಇಳಿಜಾರಿರುವ ಕಿರಿದಾದ ಹಿಮದ ಏಣು. ಬೂಟಿಗೆ ಕ್ರಾಂಪಾನ್ (ಹಿಮದಲ್ಲಿ ಜಾರದಂತೆ ಹಿಡಿಯುವ ಲೋಹದ ಮುಳ್ಳುಗಳು) ಕಟ್ಟಬೇಕು, ಕೈಯಲ್ಲಿ ಐಸ್ ಆಕ್ಸ್ (ಹಿಮಗೊಡಲಿ) ಬೇಕು, ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡಿರಬೇಕು. 1786ರ ಆಗಸ್ಟ್ 8ರಂದು ಬಾಲ್ಮಾ ಮತ್ತು ಪಕ್ಕಾರ್ ಮೊದಲ ಸಲ ಹತ್ತಿದಾಗ ಹಗ್ಗವೂ ಇರಲಿಲ್ಲ, ನಿಜ. ಅದನ್ನು ತೋರಿಸಿ ನನಗೆ ಇನ್ನೊಂದು ಪತ್ರ ಬರೆಯಬೇಡಿ!

ಈ ಸಲ ತಂಗಿಯನ್ನೂ ಕರೆದುಕೊಂಡು ಬೆಟ್ಟದ ಬುಡದ ಊರು ಶಮೊನಿಗೆ ಹೋಗಿ. ಕೇಬಲ್ ಕಾರಿನಲ್ಲಿ 3,842 ಮೀಟರಿನ ಎಗ್ವಿಲ್ ದ್ಯು ಮಿದಿ ಶಿಖರ ತಲುಪಿ, ನಿಧಾನವಾಗಿ ಓಡಾಡಿ. ತಲೆ ಹೇಗಿರುತ್ತದೆ ನೋಡಿಕೊಳ್ಳಿ. ಊರಿಗೆ ಬಂದ ಮೇಲೂ ಆಸೆ ಉಳಿದಿದ್ದರೆ ಡಾರ್ಜಿಲಿಂಗ್ ಅಥವಾ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿ. ಮೌಂಟ್ ಬ್ಲಾಂಕ್‌ಗೆ ಹೋಗುವಾಗ ಗೈಡ್ ಇರಲೇಬೇಕು ಅಂತ ನನ್ನ ಮಾತು. ತಂಗುಮನೆಯಲ್ಲಿ ಮಂಚ ಮೊದಲೇ ಕಾದಿರಿಸಿ, ಅದಿಲ್ಲದೆ ಈ ದಾರಿಯಲ್ಲಿ ಬಿಡುವುದಿಲ್ಲ.