ಅರ್ಧ ಅಂದಿರಿ, ಎಷ್ಟರಲ್ಲಿ?

ನಮಸ್ಕಾರ. ‘ರಕ್ತನಾಳದ ಹಣೆಬರಹ’ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಓದಿಕೊಂಡು ಬರೆದಿದ್ದೀರಿ. ಮೆಚ್ಚುಗೆಯ ಬಾಬತ್ತು ಇಲ್ಲಿಗೆ ಮುಗಿಯಿತು. ನನ್ನ ತಲೆ ಕೆಡಿಸಿದ್ದು ಮೂರನೇ ಪುಟ.

“ಹ್ಯಾಪ್ಟೊಗ್ಲೋಬಿನ್ 2-2 ಎಂಬ ಕೆಟ್ಟ ಜೀನ್ ಇರುವ ಸಕ್ಕರೆ ಕಾಯಿಲೆಯವರ ರಕ್ತನಾಳ ಹಾಳಾಗುವುದು ಖಚಿತ. ದಿನಕ್ಕೊಂದು ವಿಟಮಿನ್ ಇ ಮಾತ್ರೆ ನುಂಗಿದರೆ ಹೃದಯಾಘಾತ ಅರ್ಧಕ್ಕರ್ಧ ಇಳಿಯುತ್ತದೆ” ಎಂದಿದ್ದೀರಿ.

ಮೊದಲು ಆ ‘ಕೆಟ್ಟ ಜೀನ್’. ಕೆಂಪು ರಕ್ತಕಣ ಒಡೆದಾಗ ಹೊರಚೆಲ್ಲುವ ಹಿಮೋಗ್ಲೋಬಿನ್ನನ್ನು ಹಿಡಿದು ಸಾಗಹಾಕುವುದು ಹ್ಯಾಪ್ಟೊಗ್ಲೋಬಿನ್ ಪ್ರೋಟೀನಿನ ಕೆಲಸ. ಅದರ ಜೀನಿನಲ್ಲಿ 1 ಮತ್ತು 2 ಎಂಬ ಎರಡು ಬಗೆ. ಅಪ್ಪ, ಅಮ್ಮ ಇಬ್ಬರಿಂದಲೂ 2 ಬಂದಿದ್ದರೆ 2-2. ಇವರಲ್ಲಿ ಸಾಗಹಾಕುವುದು ನಿಧಾನ. ಹಿಮೋಗ್ಲೋಬಿನ್ನಿಗೆ ಸಕ್ಕರೆಯೂ ಅಂಟಿದ್ದರೆ ಅದರೊಳಗಿನ ಕಬ್ಬಿಣ ಸುಮ್ಮನಿರುವುದಿಲ್ಲ. ತುಕ್ಕು ಹಿಡಿಯುವಂಥ ರಾಸಾಯನಿಕ ಕ್ರಿಯೆ, ಅಂದರೆ ಆಕ್ಸಿಡೀಕರಣ, ಹೆಚ್ಚಿ ನಾಳದ ಗೋಡೆಗೆ ಪೆಟ್ಟು ಬೀಳುತ್ತದೆ. ಜೀನ್ ಮತ್ತು ಸಕ್ಕರೆ ಕೈ ಜೋಡಿಸಿದಾಗ ಆಗುವ ಕೇಡು ಇದು. ವಿಷಯದ ಸ್ವಾರಸ್ಯವೆಲ್ಲ ಇಲ್ಲಿದೆ, ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಅಂದಹಾಗೆ, ಭಾರತೀಯರಲ್ಲಿ ಹೆಚ್ಚಿನವರು 2-2. ನಮ್ಮ ಓದುಗರಲ್ಲಿ ಎಷ್ಟು ಮಂದಿಯನ್ನು ಒಂದೇ ‘ಖಚಿತ’ದಲ್ಲಿ ಹೆದರಿಸಲು ಹೊರಟಿದ್ದೀರಿ, ನೋಡಿ.

ಇನ್ನು ‘ಅರ್ಧಕ್ಕರ್ಧ’. ನಾನು ದಿನಪತ್ರಿಕೆಯೊಂದರ ಡೆಸ್ಕಿಗೆ ಟ್ರೈನಿಯಾಗಿ ಸೇರಿದಾಗ ಅಲ್ಲೊಬ್ಬ ಮುಖ್ಯ ಉಪಸಂಪಾದಕರಿದ್ದರು. ‘ಕೆಆರ್‌ಎಸ್ ಅರ್ಧ ತುಂಬಿದೆ’ ಎಂದು ವರದಿ ಬಂದರೆ ಕೆಂಪು ಶಾಯಿಯಲ್ಲಿ ‘ಅಡಿಯಲ್ಲೋ, ಟಿಎಂಸಿಯಲ್ಲೋ?’ ಎಂದು ಗೀಚಿ ವಾಪಸ್ ತಳ್ಳುತ್ತಿದ್ದರು. ಮಾತಿಲ್ಲ, ಬೈಗುಳವೂ ಇಲ್ಲ. ಎರಡೂ ಒಂದೇ ಅಲ್ಲವೆಂದು ವರದಿಗಾರ ತಾನೇ ಹೋಗಿ ತಿಳಿದುಕೊಂಡು ಬರಬೇಕು. ಸಾರಿಗೆ ದರ, ಎಸ್ಸೆಸ್ಸೆಲ್ಸಿ ಫಲಿತಾಂಶ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಆಗ ನಮಗೆಲ್ಲ ಭಾರೀ ಸಿಟ್ಟು ಬರುತ್ತಿತ್ತು. ಈಗ ಅದೇ ಕೆಂಪು ಶಾಯಿ ನನ್ನ ಕೈಯಲ್ಲಿದೆ, ಸಹಿಸಿಕೊಳ್ಳಿ.

ನಿಮ್ಮ ಅಂಕಿ ಬಂದದ್ದು 2008ರಲ್ಲಿ ಪ್ರಕಟವಾದ ಇಸ್ರೇಲಿನ ಐಕೇರ್ ಅಧ್ಯಯನದಿಂದ. 55 ದಾಟಿದ, ಟೈಪ್ 2 ಮಧುಮೇಹವಿದ್ದ, 2-2 ಬಗೆಯ 1,434 ಜನ. ಕೆಲವರಿಗೆ ದಿನಕ್ಕೆ ಆಕ್ಸಿಡೀಕರಣ ತಡೆಯುವ ವಿಟಮಿನ್ ಇ 400 ಯೂನಿಟ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ಒಂದೂವರೆ ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ-ರಕ್ತನಾಳದ ಕಾಯಿಲೆಯ ಸಾವು ಎಲ್ಲ ಸೇರಿ ಹುಸಿ ಮಾತ್ರೆಯವರಲ್ಲಿ 100ಕ್ಕೆ 4.7, ವಿಟಮಿನ್‌ನವರಲ್ಲಿ 2.2. ಅರ್ಧ ಹೌದು. ಆದರೆ ವಿಟಮಿನ್ ಮುಟ್ಟದ 100 ಜನರಲ್ಲಿ 95 ಮಂದಿಗೆ ಆ ಅವಧಿಯಲ್ಲಿ ಇವ್ಯಾವುದೂ ಆಗಲಿಲ್ಲ. ಎರಡನೇ ವಾಕ್ಯದ ‘ಅರ್ಧ’ವನ್ನು ಬಿಡಿಸಿ ನೋಡಿದ್ದರೆ ಮೊದಲ ವಾಕ್ಯದ ‘ಖಚಿತ’ ಬರೆಯಲು ನಿಮಗೇ ಕೈ ಬರುತ್ತಿರಲಿಲ್ಲ.

ಜೀನ್ ನೋಡದೆ 9,500ಕ್ಕೂ ಹೆಚ್ಚು ಜನರಿಗೆ ಇಷ್ಟೇ ಪ್ರಮಾಣ ಕೊಟ್ಟ ಹೋಪ್ ಅಧ್ಯಯನದಲ್ಲಿ (2000) ವಿಟಮಿನ್ ಇ ಹೃದಯಕ್ಕೆ ಪ್ರಯೋಜನವಾಗಲಿಲ್ಲ. ಅದನ್ನು ಯಾಕೆ ಬಿಟ್ಟಿರಿ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ನಿಮ್ಮ ಮಾತು ನಂಬಿ ಮೆಡಿಕಲ್ ಶಾಪಿಗೆ ಹೋದರೆ ರಕ್ತಸ್ರಾವದ ಅಪಾಯ ಬೇರೆ.

ಮಾತ್ರೆಯ ಸಾಲು ಹೊಡೆದುಹಾಕಿ, ಎರಡೂ ಅಧ್ಯಯನ ಎದುರುಬದುರು ಇಟ್ಟು ಮೂರನೇ ಪುಟ ಹೊಸದಾಗಿ ಬರೆಯಿರಿ. ಉಳಿದ ಪುಟಗಳಿಗೆ ನಾನು ಕೈ ಹಚ್ಚಿಲ್ಲ. ತಿಂಗಳ 15ರೊಳಗೆ ಬಂದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.